ಇನ್ಸುಲೇಷನ್ ಮೇಲೆ ಕೂತಿದ್ದ ಸ್ಕ್ರೂ

ಶುಕ್ರವಾರ, 22 ನವೆಂಬರ್ 2024
ಬೆಂಗಳೂರು

ಪ್ರೊಟೆಕ್ಷನ್ ಇಂಜಿನಿಯರುಗಳ ಕಾರ್ಯಾಗಾರ ಇವತ್ತು ಮುಗಿಯಿತು. ನಿನ್ನೆ ಹೆಚ್ಚಿನ ಹೊತ್ತು ಕಂಪನಿಗಳ ಸ್ಲೈಡ್‌ಗಳಲ್ಲೇ ಹೋಯಿತು. ಹೊಸ ರಿಲೇ, ಹೊಸ ಸಾಫ್ಟ್‌ವೇರ್. ಬೇಕಾದದ್ದೇ, ಆದರೆ ಅದು ಕ್ಯಾಟಲಾಗ್‌ನಲ್ಲೂ ಸಿಗುತ್ತದೆ. ಇವತ್ತು ಬೆಳಿಗ್ಗೆ ಕೇಳಿದ್ದು ಎಲ್ಲೂ ಸಿಗುವುದಿಲ್ಲ.

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಲೈನ್ ಮೇಲೆ ಮರ ಬಿದ್ದರೆ, ಸಿಡಿಲು ಹೊಡೆದರೆ ಆ ಫಾಲ್ಟನ್ನು ಪತ್ತೆ ಹಚ್ಚಿ, ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚಾದ ಬ್ರೇಕರ್ ಬಿಚ್ಚಿಸುವುದು ರಿಲೇ. ಫಾಲ್ಟ್ 400 ಕೆವಿ (ಕಿಲೋವೋಲ್ಟ್) ಲೈನಿನಲ್ಲಾದರೆ 100 ಮಿಲಿಸೆಕೆಂಡಿನಲ್ಲಿ, 220 ಕೆವಿಯಲ್ಲಾದರೆ 160 ಮಿಲಿಸೆಕೆಂಡಿನಲ್ಲಿ ಕ್ಲಿಯರ್ ಆಗಬೇಕು ಅಂತ ನಮ್ಮ ದೇಶದ ಗ್ರಿಡ್ ನಿಯಮ ಹೇಳುತ್ತದೆ. ಅಷ್ಟರಲ್ಲಿ ಆಪರೇಟರ್ ಕುರ್ಚಿಯಿಂದ ಏಳುವುದಕ್ಕೂ ಆಗುವುದಿಲ್ಲ. ಮೊದಲೇ ಸರಿಯಾಗಿ ಹಾಕಿಟ್ಟ ಸೆಟ್ಟಿಂಗ್, ಸರಿಯಾಗಿ ಕೊಟ್ಟ ವೈರಿಂಗ್, ಅಷ್ಟೇ ಕಾಪಾಡಬೇಕು.

ಬೆಳಿಗ್ಗೆ ಒಬ್ಬ ಸಹಾಯಕ ಇಂಜಿನಿಯರ್ ತನ್ನ ಸ್ಟೇಷನ್‌ನ ಒಂದು ಟ್ರಿಪ್ಪಿಂಗ್ ಬಗ್ಗೆ ಹೇಳಿದಳು. ಯಾವ ಸ್ಟೇಷನ್, ಯಾರದ್ದು ಅನ್ನುವುದು ಇಲ್ಲಿ ಬೇಡ. 220 ಕೆವಿ ಲೈನ್, ಸ್ಟೇಷನ್ ಹತ್ತಿರದಲ್ಲೇ ಫಾಲ್ಟ್. ರಿಲೇ ಜೋನ್-1ರಲ್ಲಿ, ಅಂದರೆ ತನ್ನದೇ ಲೈನಿನ ವ್ಯಾಪ್ತಿಯಲ್ಲಿ, ತಕ್ಷಣ ಟ್ರಿಪ್ ಕೊಟ್ಟಿದೆ. ಪರದೆ ಮೇಲೆ ಡಿಆರ್ ರೆಕಾರ್ಡ್, ಅಂದರೆ ಫಾಲ್ಟ್ ಹೊತ್ತಿನ ಕರೆಂಟ್, ವೋಲ್ಟೇಜ್ ಗೆರೆಗಳ ದಾಖಲೆ, ಇತ್ತು. ಆರ್ ಮತ್ತು ಬಿ ಫೇಸ್ ಕರೆಂಟ್ ಗೆರೆಗಳು ಸೊನ್ನೆಗೆ ಬಂದಿದ್ದವು. ವೈ ಫೇಸ್ ಮಾತ್ರ ಹಾಗೇ ದಪ್ಪಗೆ ಕುಣಿಯುತ್ತಿತ್ತು. ಬ್ರೇಕರ್‌ನ ಒಂದು ಪೋಲ್ (ಫೇಸಿಗೊಂದರಂತೆ ಇರುವ ಸ್ವಿಚ್) ಬಿಚ್ಚಿರಲಿಲ್ಲ. ಇಂಥದ್ದಕ್ಕೇ ಎಲ್‌ಬಿಬಿ (ಲೋಕಲ್ ಬ್ರೇಕರ್ ಬ್ಯಾಕಪ್) ಇರುವುದು. ಬ್ರೇಕರ್ ಕೈಕೊಟ್ಟರೆ ಸುಮಾರು 200 ಮಿಲಿಸೆಕೆಂಡಿಗೆ ಆ ಬಸ್ಸಿನ (ಸ್ಟೇಷನ್‌ನ ಲೈನುಗಳು ಬಂದು ಸೇರುವ ವಾಹಕ) ಬೇರೆಲ್ಲ ಬ್ರೇಕರ್‌ಗಳನ್ನು ಅದು ಬಿಚ್ಚಿಸಬೇಕು. ಬಿಚ್ಚಿಸಲಿಲ್ಲ. ಆಚೆ ಸ್ಟೇಷನ್‌ಗಳ ರಿಲೇಗಳು ಇನ್ನೂ ದೂರ ನೋಡಿ ತಡವಾಗಿ ಕೆಲಸ ಮಾಡುವ ಜೋನ್-2, ಜೋನ್-3ರಲ್ಲಿ ಒಂದೊಂದಾಗಿ ಟ್ರಿಪ್ ಆದವು. ಇಡೀ ಸ್ಟೇಷನ್ ಕತ್ತಲು.

ಹಿಂದಿನ ಸಾಲಿನಿಂದ ನಿವೃತ್ತ ಹಿರಿಯರೊಬ್ಬರು ರಿಲೇ, ಬ್ರೇಕರ್ ನಡೆಸುವ ಬ್ಯಾಟರಿ ಸಪ್ಲೈ ಬಗ್ಗೆ ಕೇಳಿದರು, "ಡಿಸಿ ನೋಡಿದ್ರೇನಮ್ಮ?"

"ನೋಡಿದ್ವಿ ಸರ್, 220 ವೋಲ್ಟ್ ಸರಿಯಾಗೇ ಇತ್ತು."

"ಎಲ್‌ಬಿಬಿ ಟೆಸ್ಟ್ ರಿಪೋರ್ಟ್?"

"ಓಕೆ ಅಂತಲೇ ಇದೆ ಸರ್."

ಮುಂದಿನ ಸ್ಲೈಡ್‌ನಲ್ಲಿ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ. ಪ್ಯಾನಲ್ ಹಿಂದಿನ ಟರ್ಮಿನಲ್ ಬ್ಲಾಕ್. ಲೈನ್ ರಿಲೇಯಿಂದ ಎಲ್‌ಬಿಬಿಗೆ ಇನಿಶಿಯೇಷನ್ (ಎಲ್‌ಬಿಬಿಯನ್ನು ಎಬ್ಬಿಸುವ ಸಂಕೇತ) ಹೋಗುವ ವೈರ್. ಸ್ಕ್ರೂ ತಾಮ್ರದ ಮೇಲೆ ಕೂರುವ ಬದಲು ಇನ್ಸುಲೇಷನ್ ಮೇಲೆ ಕೂತಿತ್ತು. ಹೊರಗಿಂದ ನೋಡಿದರೆ ವೈರ್ ಗಟ್ಟಿಯಾಗಿದೆ, ಫೆರುಲ್ ನಂಬರ್ (ವೈರಿನ ಗುರುತು) ಸರಿ ಇದೆ, ಎಳೆದರೂ ಬರುವುದಿಲ್ಲ. ಟೆಸ್ಟ್ ಮಾಡುವಾಗ ಎಲ್‌ಬಿಬಿ ರಿಲೇ ಟರ್ಮಿನಲ್‌ಗೇ ನೇರವಾಗಿ ಇನಿಶಿಯೇಷನ್ ಕೊಟ್ಟಿದ್ದರು. ರಿಲೇ ಪಾಸ್. ಮಧ್ಯದ ವೈರನ್ನು ಯಾರೂ ಟೆಸ್ಟ್ ಮಾಡಿರಲಿಲ್ಲ.

ಹಾಲ್‌ನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಡೈರಿ ತೆಗೆದು ಬರೆದುಕೊಳ್ಳತೊಡಗಿದರು. ಆ ಹುಡುಗಿಯ ಧೈರ್ಯಕ್ಕೆ ನಿಜವಾಗಿ ಕೈಮುಗಿಯಬೇಕು. ಟ್ರಿಪ್ಪಿಂಗ್ ರಿಪೋರ್ಟ್‌ನಲ್ಲಿ 'ಬ್ರೇಕರ್ ಸಮಸ್ಯೆ, ಸರಿಪಡಿಸಲಾಗಿದೆ' ಅಂತ ಒಂದು ಸಾಲು ಬರೆದು ಸುಮ್ನೆ ಇರಬಹುದಿತ್ತು, ಅಲ್ವಾ?

ಚಹಾ ಆದ ಮೇಲೆ ಮಾತು 2012ಕ್ಕೆ ಹೋಯಿತು. ಜುಲೈ 30ರ ರಾತ್ರಿ 2.33ಕ್ಕೆ 400 ಕೆವಿ ಬೀನಾ-ಗ್ವಾಲಿಯರ್ ಲೈನ್ ಟ್ರಿಪ್ ಆಗಿ ಉತ್ತರದ ಗ್ರಿಡ್ ಬಹುತೇಕ ಪೂರ್ತಿ ಬಿತ್ತು. ಮರುದಿನ ಮಧ್ಯಾಹ್ನ ಅದೇ ಲೈನ್ ಮತ್ತೆ ಹೋಗಿ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನಕ್ಕೆ ಕರೆಂಟ್ ಇರಲಿಲ್ಲ. ಎರಡು ಸಲವೂ ಆ ಲೈನ್ ಮೇಲೆ ಫಾಲ್ಟ್ ಇರಲಿಲ್ಲ. ಇಂಥ ಲೈನ್ ಕಾಯುವ ಡಿಸ್ಟೆನ್ಸ್ ರಿಲೇ ನೋಡುವುದು ವೋಲ್ಟೇಜ್ ಮತ್ತು ಕರೆಂಟ್‌ನ ಅನುಪಾತ. ಲೋಡ್ ವಿಪರೀತ ಏರಿ ವೋಲ್ಟೇಜ್ ಕುಸಿದರೆ ಆ ಅನುಪಾತ ಇಳಿಯುತ್ತದೆ. ದೂರದವರೆಗೆ ಕೈಚಾಚುವ ಜೋನ್-3ಕ್ಕೆ ಅದೇ ಫಾಲ್ಟ್ ಥರ ಕಾಣುತ್ತದೆ. ಅಮೆರಿಕದಲ್ಲಿ 2003ರ ಆಗಸ್ಟ್ 14ರ ದೊಡ್ಡ ಬ್ಲಾಕ್‌ಔಟ್ ದಿನ ಸ್ಯಾಮಿಸ್-ಸ್ಟಾರ್ ಲೈನ್ ಹೋಗಿದ್ದೂ ಇದೇ ಜೋನ್-3ರಿಂದ. ಒಂದು ದೇಶ ಕಲಿತ ಪಾಠ ಇನ್ನೊಂದು ದೇಶದ ಸೆಟ್ಟಿಂಗ್ ಶೀಟ್‌ಗೆ ಇಳಿಯಲು ಒಂಬತ್ತು ವರ್ಷವೂ ಸಾಕಾಗಲಿಲ್ಲ ಅನ್ನುವುದು ನನಗೆ ಈಗಲೂ ಸಂಕಟ ತರುತ್ತದೆ.

ಆಗ ದಕ್ಷಿಣಕ್ಕೆ ಏನೂ ಆಗಲಿಲ್ಲ, ಯಾಕೆಂದರೆ ನಾವು ಉಳಿದ ಗ್ರಿಡ್‌ಗೆ ಎಚ್‌ವಿಡಿಸಿ, ಅಂದರೆ ಹೈ ವೋಲ್ಟೇಜ್ ಡಿಸಿ ಕೊಂಡಿಗಳ ಮೂಲಕ ಮಾತ್ರ ಸೇರಿಕೊಂಡಿದ್ದೆವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಚಾರ್ಜ್ ಆಯಿತು. ಅವತ್ತಿನಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ಬೀನಾದ ರಿಲೇ ಸೆಟ್ಟಿಂಗ್ ಈಗ ನಮ್ಮದೂ ವಿಷಯ.

ಮಧ್ಯಾಹ್ನ ಸೋಲಾರ್ ಬಗ್ಗೆ. ನಮ್ಮ ಪಾವಗಡದ ಪಾರ್ಕ್ ಒಂದೇ 2,050 ಮೆಗಾವಾಟ್. ಮಾಮೂಲಿ ವಿದ್ಯುತ್ ಕೇಂದ್ರದ ಜನರೇಟರ್ ಫಾಲ್ಟ್‌ಗೆ ತನ್ನ ರೇಟಿಂಗ್‌ನ ಹಲವು ಪಟ್ಟು ಕರೆಂಟ್ ಕೊಡುತ್ತದೆ. ಸೋಲಾರ್‌ನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ರೇಟಿಂಗ್‌ಗಿಂತ ಸ್ವಲ್ಪ ಜಾಸ್ತಿ ಕೊಟ್ಟು ನಿಲ್ಲುತ್ತದೆ. ಹಳೆಯ ಲೆಕ್ಕದಲ್ಲಿ ಹಾಕಿದ ಸೆಟ್ಟಿಂಗ್ ಅಲ್ಲಿ ನಡೆಯುವುದಿಲ್ಲ. ಇದಕ್ಕೆ ಇನ್ನೂ ಒಂದು ಪೂರ್ತಿ ದಿನ ಬೇಕಿತ್ತು.

ನನ್ನ ಒಂದೇ ಬೇಡಿಕೆ ಇದು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ 1948ರಿಂದ, ಅಲ್ಲಿನದೇ ಸ್ಪೋಕೇನ್ ನಗರದಲ್ಲಿ 1974ರಿಂದ ರಿಲೇ ಇಂಜಿನಿಯರುಗಳು ವರ್ಷ ವರ್ಷ ಸೇರುತ್ತಾರೆ. ನಮ್ಮಲ್ಲೂ ಬೆಂಗಳೂರಿನಲ್ಲೇ ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿ ಇದೆ, ಅದರ ಪ್ರೊಟೆಕ್ಷನ್ ಉಪಸಮಿತಿ ಟ್ರಿಪ್ಪಿಂಗ್‌ಗಳನ್ನು ಮುಂದಿಟ್ಟುಕೊಂಡು ಚರ್ಚೆ ಮಾಡುತ್ತದೆ. ಆದರೆ ಟೆಸ್ಟಿಂಗ್ ಕಿಟ್ ಹೊತ್ತು ಊರೂರು ತಿರುಗುವ ಹುಡುಗ ಹುಡುಗಿಯರನ್ನು ಇಂಥ ಕಡೆ ಕಳಿಸಬೇಕು. ಟರ್ಮಿನಲ್ ಬ್ಲಾಕ್ ಮುಂದೆ ಸ್ಕ್ರೂಡ್ರೈವರ್ ಹಿಡಿದು ನಿಲ್ಲುವವರು ಅವರೇ. ಕಂಪನಿಗಳ ಸ್ಲೈಡ್ ಅರ್ಧ ಕಡಿಮೆ ಮಾಡಿ, ಇಂಥ ಕೇಸ್‌ಗಳಿಗೆ ಜಾಸ್ತಿ ಹೊತ್ತು ಕೊಡಬೇಕು.

ಸೋಮವಾರ ಆಫೀಸಿಗೆ ಹೋದ ಕೂಡಲೇ ನಮ್ಮ 220 ಕೆವಿ ಸ್ಟೇಷನ್‌ಗಳಿಗೆ ಶಟ್‌ಡೌನ್ ಕೇಳಿ ಪತ್ರ ಹಾಕಬೇಕು. ಈ ಸಲ ಕರೆಂಟ್ ಇಂಜೆಕ್ಟ್ ಮಾಡುವುದು ಲೈನ್ ರಿಲೇಗೆ. ಅಲ್ಲಿಂದ ಎಲ್‌ಬಿಬಿ ಎದ್ದು, ಅದರ ಟ್ರಿಪ್ ಬಸ್ಸಿನ ಪ್ರತಿ ಬ್ರೇಕರ್‌ನ ಕಾಯಿಲ್ ತನಕ ಬರುತ್ತದೋ ಇಲ್ಲವೋ ನೋಡಿದ ಮೇಲೆಯೇ ರಿಪೋರ್ಟ್‌ಗೆ ಸಹಿ.