ಅಜ್ಜಿ, ಕೂಣಿ, ಫೋರ್ ಬೈ ಫೋರ್

ಶಿವಮೊಗ್ಗದ ಒಂದು ಸೆಕೆಂಡ್ ಹ್ಯಾಂಡ್ ಕಾರ್ ಯಾರ್ಡಿನಲ್ಲಿ ನಾನು ಸೇಲ್ಸ್ ಮಾಡುತ್ತೇನೆ. ಆ ಜುಲೈನಲ್ಲಿ ಒಂದು ಮಹೀಂದ್ರಾ ಥಾರ್, ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಫೋರ್ ಬೈ ಫೋರ್ ಗಾಡಿ, ಮಾರಾಟವಾಗದೆ 90 ದಿನ ದಾಟಿ ನಿಂತಿತ್ತು. ಯಾವ ಗಾಡಿ ಎಷ್ಟು ದಿನದಿಂದ ನಿಂತಿದೆ ಅಂತ ತೋರಿಸುವ ಏಜಿಂಗ್ ಶೀಟಲ್ಲಿ ಅದರ ಸಾಲು ಕೆಂಪಾಗಿತ್ತು. ಬೆಳಗಿನ ಮೀಟಿಂಗಲ್ಲಿ ದಿನಾ ಅದರದೇ ಮಂಗಳಾರತಿ. "ಮಳೆಗಾಲದಲ್ಲಿ, ಅದೂ ಮಲೆನಾಡಲ್ಲಿ, ಫೋರ್ ಬೈ ಫೋರ್ ಮಾರೋಕಾಗಲ್ಲ ಅಂದ್ರೆ ಇನ್ನೇನ್ರಿ ಮಾರ್ತೀರಿ?" ಅಂತ ಮ್ಯಾನೇಜರ್. ಅವರು ಒಂದು ದಿನವಾದರೂ ಆ ಗಾಡಿಯ ಹಿಂದಿನ ಸೀಟಲ್ಲಿ ಕೂತು ನೋಡಿದವರಲ್ಲ.

ಅಂಥ ಹೊತ್ತಲ್ಲಿ ಬಂದ ಲೀಡ್ ಇದು, ಅಂದ್ರೆ ಗಾಡಿ ಬೇಕು ಅಂತ ಬಂದ ವಿಚಾರಣೆ. ಆನಂದಪುರದಿಂದ ಎಡಕ್ಕೆ ಹೋದರೆ ರಿಪ್ಪನ್‌ಪೇಟೆ ಕಡೆ ತೋಟ. ಯಜಮಾನರು ಫೋನಲ್ಲೇ ಎಲ್ಲ ಬಿಡಿಸಿ ಹೇಳಿದರು. ರಜೆ ಸಿಕ್ಕರೆ ಶರಾವತಿ ಹಿನ್ನೀರಲ್ಲಿ ಗಾಳ. ಬೇಸಿಗೆಯಲ್ಲಿ ಯಾವ ಊರಲ್ಲಿ ಕೆರೆ ಬೇಟೆ (ಊರವರೆಲ್ಲ ಕೆರೆಗಿಳಿದು ಮೀನು ಹಿಡಿಯೋದು) ಇದ್ದರೂ ಕೂಣಿ, ಅಂದ್ರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಹೊತ್ತು ಹಾಜರ್. ದೊಡ್ಡ ಮಗನಿಗೆ ಕೆಸರುಗದ್ದೆ ಓಟದ ಹುಚ್ಚು. ಶಾಲೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಅದೇ ಗಾಡಿ ಆಗಬೇಕು.

ನನ್ನ ಕಿವಿಗೆ ಬಿದ್ದಿದ್ದು ಕೆರೆ, ಕೆಸರು, ಗದ್ದೆ. ಸಂತೆ, ಆಸ್ಪತ್ರೆ ಬೀಳಲೇ ಇಲ್ಲ.

"ಮನೇಲಿ ಎಷ್ಟು ಜನ ಸಾರ್?"

"ನಾವು ನಾಲ್ಕು ಜನ. ಮತ್ತೆ ಅಮ್ಮ."

"ಅಮ್ಮ ಜಾಸ್ತಿ ಓಡಾಡಲ್ಲ ಅಲ್ವಾ?" ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಯಾಕಂದ್ರೆ ಮೂರು ಬಾಗಿಲಿನ ಥಾರ್‌ಗೆ ಇರೋದು ನಾಲ್ಕೇ ಸೀಟು. ಯಾರ್ಡಲ್ಲಿ ಒಂದು 2023ರ ಮಾರುತಿ ಜಿಮ್ನಿಯೂ ಇತ್ತು. ಐದು ಬಾಗಿಲು, ಆದರೆ ಸೀಟು ಅದಕ್ಕೂ ನಾಲ್ಕೇ. ಹಿಂದಿನ ಸೀಟು ಮಡಚದೆ ಇದ್ದರೆ ಡಿಕ್ಕಿ 208 ಲೀಟರ್. ಅದನ್ನಾದರೂ ತೋರಿಸಬಹುದಿತ್ತು. ಹತ್ತಲು ಇಳಿಯಲು ಅದೇ ಸಲೀಸು. ತೋರಿಸಲಿಲ್ಲ. ಅದು ಬಂದು ಇನ್ನೂ ಹನ್ನೆರಡು ದಿನ ಆಗಿತ್ತು, ಶೀಟಲ್ಲಿ ಹಸಿರಾಗಿತ್ತು.

ಥಾರ್ ತಗೊಂಡು ಮನೆಗೇ ಟಿಡಿ (ಟೆಸ್ಟ್ ಡ್ರೈವ್) ಕೊಡಲು ಹೋದೆ. ಕುಂಸಿ ದಾಟುವಾಗಲೇ ಮಳೆ ಹಿಡಿಯಿತು. ನನಗೆ ಖುಷಿ. ಇಂಥ ಗಾಡಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಾ?

ಅಂಗಳದಲ್ಲಿ ಅಜ್ಜಿ ರೆಡಿಯಾಗಿ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ತಲೆಗೆ ಹೂವು, ಕೈಲೊಂದು ಚೀಲ. ಮುಂದಿನ ಸೀಟು ಮಡಚಿ ಹಿಂದೆ ಹತ್ತುವ ದಾರಿ ತೋರಿಸಿದೆ. ಅವರು ಒಳಗೆ ಬಗ್ಗಿ ನೋಡಿದರು. "ಈ ಗೂಡಿಗೆ ಹತ್ತಬೇಕನಾ?" ಅಂದರು. ಯಜಮಾನರು ಒಳಗಿಂದ ಮಣೆ ತಂದು ಇಟ್ಟರು. ಅಜ್ಜಿ ಮಣೆ ಮೇಲೆ ನಿಂತು, ಒಂದು ಕೈ ಬಾಗಿಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಒಂದು ಕಾಲೆತ್ತಿದರು. ಅರ್ಧಕ್ಕೇ ಇಳಿಸಿದರು. "ನೀವು ಹೋಗ್ಬನ್ನಿ" ಅಂತ ಚೀಲ ಹಿಡಿದು ಜಗಲಿಗೆ ಹೋಗಿ ಕೂತರು. ವ್ಯಾಪಾರ ಅಲ್ಲಿಗೇ ಮುಗಿದಿತ್ತು. ನನಗೆ ಮಾತ್ರ, ಒಂದು ಸೀಟಿನ ಸಮಸ್ಯೆ ತಾನಾಗಿ ಬಗೆಹರಿಯಿತು ಅನ್ನಿಸಿತು.

ಆಮೇಲೆ ಕೂಣಿ. ಚಿಕ್ಕ ಮಗ ಅದನ್ನು ತಂದು ಡಿಕ್ಕಿಗೆ ತುರುಕಿದ. ಬಾಗಿಲು ಹಾಕಲಿಲ್ಲ. ಅಡ್ಡ ಮಲಗಿಸಿದ, ಆಗಲೂ ಇಲ್ಲ. "ಮೇಲೆ ಕ್ಯಾರಿಯರ್ ಹಾಕಿಸಿದ್ರಾಯ್ತು" ಅಂದೆ. ಎಲ್ಲದಕ್ಕೂ ನನ್ನ ಹತ್ತಿರ ಒಂದು ಆಕ್ಸೆಸರಿ ಇತ್ತು.

ಮನೆ ಹಿಂದಿನಿಂದ ತೋಟಕ್ಕೆ ಜಂಬಿಟ್ಟಿಗೆಯ ಇಳಿಜಾರು. ಒಂದು ಕಡೆ ಧರೆ, ಅಂದ್ರೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಚರಂಡಿ. ಪಕ್ಕದಲ್ಲಿ ಯಜಮಾನರು, ಹಿಂದೆ ಇಬ್ಬರು ಮಕ್ಕಳು. ಹುಷಾರಾಗಿ ಇಳಿದೆ. ಕೆಳಗೆ ಸಮತಟ್ಟು ಜಾಗ ಇತ್ತು. ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ಪವರ್, ವೇಗ ಕಮ್ಮಿ, ಎಳೆತ ಜಾಸ್ತಿ) ಹಾಕೋದಿದ್ದರೆ ಅಲ್ಲೇ ನಿಲ್ಲಿಸಿ ಹಾಕಬೇಕು. ನಾನು ಹಾಕಲಿಲ್ಲ. ಫೋರ್ ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಪವರ್, ವೇಗ ಮಾಮೂಲಿ) ಅರ್ಧ ಏರು ಹತ್ತಿ, ಅಲ್ಲಿ ನಿಲ್ಲಿಸಿ, "ಈಗ ನೋಡಿ ಮಜಾ" ಅಂದೆ. ಸುಮ್ನೆ ಶೋಕಿ.

ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ಗೇರ್ ಪಕ್ಕದ ಫೋರ್ ಬೈ ಫೋರ್ ಲಿವರ್ ಎಳೆದೆ. ಬಿಗಿ. ಮೊದಲ ಓನರ್ ಅದನ್ನು ಮುಟ್ಟೇ ಇರಲಿಲ್ಲ ಅನಿಸುತ್ತೆ, ಯಾರ್ಡಿಗೆ ಬಂದ ಮೇಲೆ ನಾವೂ ಮುಟ್ಟಿರಲಿಲ್ಲ. ಇನ್ನೊಮ್ಮೆ ಎಳೆದಾಗ ಟಕ್ ಅಂತು. ಬಿತ್ತು ಅಂದುಕೊಂಡು ಬ್ರೇಕ್ ಬಿಟ್ಟೆ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಟ್ಟೆ. ಎಂಜಿನ್ ಅರಚಿತು. ಗಾಡಿ ಹಿಂದಕ್ಕೆ ಹೊರಟಿತು.

ಫೋರ್ ಎಚ್‌ಗೂ ಫೋರ್ ಎಲ್‌ಗೂ ನಡುವೆ ಒಂದು ಎನ್, ಅಂದ್ರೆ ನ್ಯೂಟ್ರಲ್, ಇದೆ. ಲಿವರ್ ಅಲ್ಲಿ ಸಿಕ್ಕಿಕೊಂಡರೆ ಗೇರ್ ಹಾಕಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಗಿರಾಕಿಗಳಿಗೆ ಬಾಯಿಪಾಠ ಒಪ್ಪಿಸುತ್ತೇನೆ. ಆ ಕ್ಷಣ ಮಾತ್ರ ಮಿರರಲ್ಲಿ ಮೇಲಕ್ಕೆ ಓಡುತ್ತಿದ್ದ ಅಡಿಕೆ ಮರಗಳು ಬಿಟ್ಟು ತಲೆಯಲ್ಲಿ ಏನೂ ಇರಲಿಲ್ಲ. ಬ್ರೇಕ್ ತುಳಿದೆ. ಪಾಚಿ ಹಿಡಿದ ನೆಲ, ಹೈವೇ ಟೈರು, ಅದೂ ಸವೆದಿದ್ದು. ಚಕ್ರ ನಿಂತರೂ ಗಾಡಿ ನಿಲ್ಲಲಿಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಇದ್ದರೆ ಹತ್ತಲು ಸಹಾಯ, ನಿಲ್ಲಲು ಟೈರೇ ಗತಿ. ಹಿಂದಿನಿಂದ ಒಂದು ಮಗು "ಅಪ್ಪಾ" ಅಂದಿದ್ದು ಈಗಲೂ ಕೇಳುತ್ತದೆ. ಎಡಗಡೆ ಹಿಂದಿನ ಚಕ್ರ ಚರಂಡಿಗೆ ಇಳಿದು, ಬಂಪರ್ ಮಣ್ಣಿಗೆ ತಾಗಿ ನಿಂತಿತು. ಧರೆ ಕಡೆ ಹೋಗಿದ್ದರೆ ಪುಣ್ಯ ಅನ್ನಬಹುದಿತ್ತು, ಚರಂಡಿ ಆಚೆ ಎಂಟಡಿ ಆಳಕ್ಕೆ ತೋಟ.

ಯಾರಿಗೂ ಏನೂ ಆಗಲಿಲ್ಲ. ಯಜಮಾನರು ಬೈಯಲಿಲ್ಲ. ಮಕ್ಕಳನ್ನು ಇಳಿಸಿಕೊಂಡು, ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಫೋನ್ ಮಾಡಿದರು. ಹಗ್ಗ ಕಟ್ಟುತ್ತಾ ಟ್ರ್ಯಾಕ್ಟರ್ ಹುಡುಗ ಕೇಳಿದ: "ಇದು ಫೋರ್ ಬೈ ಫೋರ್ ಅಲ್ವಾ ಅಣ್ಣಾ?" ವ್ಯಂಗ್ಯ ಅಲ್ಲ, ನಿಜಕ್ಕೂ ಅನುಮಾನ. 2023ರಿಂದ ಟು ವೀಲ್ ಡ್ರೈವ್ ಥಾರ್ ಕೂಡ ಬರ್ತಿದೆಯಲ್ಲ. ಅಜ್ಜಿ ಜಗಲಿಯಿಂದಲೇ ಎಲ್ಲ ನೋಡಿದರು. ಹೊರಡುವಾಗ ಕಷಾಯ ಕೊಟ್ಟರು. ಅದು ಇಳಿಯೋದೇ ಕಷ್ಟವಾಯಿತು.

ಬಂಪರ್ ಖರ್ಚು ನನ್ನ ಇನ್ಸೆಂಟಿವ್‌ನಿಂದ ಹೋಯಿತು. ಸರಿ, ತಪ್ಪು ನನ್ನದೇ. ಆದರೆ ಅದಾದ ಮೇಲೆ ಬಂದ ರೂಲ್ ನೋಡಿ: ಎಲ್ಲ ಟಿಡಿ ಸವಳಂಗ ರೋಡಲ್ಲಿ ಮಾತ್ರ. ಒಣ ಟಾರ್ ರೋಡಲ್ಲಿ ಈ ಗಾಡಿಗೆ ಫೋರ್ ಎಚ್ ಹಾಕಿ ತಿರುಗಿಸಿದರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ಎಳೆದಾಡುತ್ತವೆ, ಒಳಗಿನ ಗೇರುಗಳಿಗೆ ಏಟು. ಹಾಗಾಗಿ ಈಗ ಫೋರ್ ಬೈ ಫೋರ್ ಗಾಡಿಯನ್ನು ಟು ಎಚ್‌ನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್) ಓಡಿಸಿ ತೋರಿಸಿ, ಉಳಿದಿದ್ದನ್ನು ಬಾಯಲ್ಲಿ ಹೇಳಿ ಮಾರುತ್ತೇವೆ. ಫೋರ್ ಬೈ ಫೋರ್ ಸ್ಟಾಕ್ ಬಂದ ದಿನವೇ ಲಿವರನ್ನು ಟು ಎಚ್‌ನಿಂದ ಫೋರ್ ಎಲ್ ತನಕ ಯಾರ್ಡಲ್ಲೇ ಆಡಿಸಿ ನೋಡಿ ಅಂತ ಎರಡು ಸಲ ಮೇಲ್ ಹಾಕಿದೆ. ಉತ್ತರ ಇಲ್ಲ. ಲೀಡ್ ಶೀಟಲ್ಲಿ ಬಜೆಟ್, ಫ್ಯುಯೆಲ್, ಕಲರ್ ಎಲ್ಲಕ್ಕೂ ಕಾಲಂ ಇದೆ, ಎಷ್ಟು ಜನ ಅನ್ನೋದಕ್ಕಿಲ್ಲ. ನಾನು ಪಕ್ಕದಲ್ಲಿ ಪೆನ್ನಲ್ಲಿ ಬರೆದುಕೊಳ್ಳುತ್ತೇನೆ. ವಯಸ್ಸನ್ನೂ.

ಆ ಥಾರನ್ನು ಆಗಸ್ಟಲ್ಲಿ ಭದ್ರಾವತಿಯ ಇಬ್ಬರು ಹುಡುಗರು ತಗೊಂಡರು. ಅವರು ಲಿವರ್ ಬಗ್ಗೆ ಕೇಳಲೇ ಇಲ್ಲ, ಸ್ಪೀಕರ್ ಬಗ್ಗೆ ಕೇಳಿದರು.

ಯಜಮಾನರು ಬೇರೆ ಕಡೆ ಸ್ಕಾರ್ಪಿಯೋ ಎನ್ ಫೋರ್ ಬೈ ಫೋರ್ ತಗೊಂಡರಂತೆ. ಈ ಮೇ ತಿಂಗಳಲ್ಲಿ ವಾಟ್ಸಾಪ್ ಸ್ಟೇಟಸ್ಸಲ್ಲಿ ನೋಡಿದೆ. ಕೆರೆ ಏರಿ ಮೇಲೆ ಗಾಡಿ, ಬಾಗಿಲ ತನಕ ಕೆಸರು. ಮೂರನೇ ಸಾಲು ಮಡಚಿ ಎರಡು ಕೂಣಿ ಇಟ್ಟಿದ್ದಾರೆ. ಮುಂದಿನ ಸೀಟಲ್ಲಿ ಅಜ್ಜಿ. ಫುಟ್‌ಸ್ಟೆಪ್ ಕೆಳಗೆ ಅದೇ ಮಣೆ.