‘ನಾಟ್ ಆನ್ ಡ್ಯೂಟಿ’: ನಾನೇ ಟೈಪ್ ಮಾಡಿದ ಇಂಜುರಿ ರಿಪೋರ್ಟ್

2018ರ ಜನವರಿಯಲ್ಲಿ ಒಂದು ಬೆಳಿಗ್ಗೆ, ನಮ್ಮ ಬೆಟಾಲಿಯನ್ನಿನಲ್ಲಿ ಹದಿನೇಳು ವರ್ಷ ಸಿಪಾಯಿಯಾಗಿದ್ದು ಊರಿಗೆ ಮರಳಿದ್ದ ಒಬ್ಬ, ಮೆಟ್ಟಿಲು ಹತ್ತುವಾಗ ಗೋಡೆಗೆ ಕೈಯೂರುತ್ತಾ ನನ್ನ ಮೇಜಿನ ಬಳಿಗೆ ಬಂದ. ನಾನು ಅದೇ ಬೆಟಾಲಿಯನ್ನಿನಲ್ಲಿ ಕ್ಲರ್ಕ್ ಆಗಿ ದುಡಿದು, ಸುಬೇದಾರ್ ಆಗಿ ನಿವೃತ್ತನಾಗಿ, ಆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಮಾಜಿ ಸೈನಿಕರ ಪಿಂಚಣಿ ಕಾಗದಗಳನ್ನು ನೋಡಿಕೊಡುವ ಕೆಲಸದಲ್ಲಿದ್ದೆ. "ಸಾಹೇಬ್ರ, ನಂದು ಕಾಲಿನ ಪಿಂಚಣಿ ಆಗಲಿಲ್ರಿ. ನೀವಾರ ಒಮ್ಮೆ ಫೈಲ್ ನೋಡ್ರಿ" ಎಂದು ಪ್ಲಾಸ್ಟಿಕ್ ಚೀಲದಿಂದ ಒಂದೇ ಒಂದು ಪತ್ರವನ್ನು ತೆಗೆದುಕೊಟ್ಟ. ಅವನ ಡಿಸೆಬಿಲಿಟಿ ಜೀವನಪರ್ಯಂತ ಶೇ. 20 ಎಂದೂ, ಆದರೆ ಅದು ಎನ್‌ಎಎನ್‌ಎ (ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ) ಆಗಿರುವುದರಿಂದ ಡಿಸೆಬಿಲಿಟಿ ಪಿಂಚಣಿಗೆ ಅವನು ಅರ್ಹನಲ್ಲವೆಂದೂ ಅದರಲ್ಲಿತ್ತು. ಪತ್ರದ ತಾರೀಖು 2013ರದು. ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂಬ ಕೊನೆಯ ಸಾಲನ್ನು ಅವನಿಗೆ ಯಾರೂ ಓದಿ ಹೇಳಿರಲಿಲ್ಲ.

ಅವನ ಪೆಟ್ಟು ನನಗೆ ನೆನಪಿತ್ತು. 2008ರ ಅಕ್ಟೋಬರಿನಲ್ಲಿ ಇಂಟರ್ ಕಂಪನಿ, ಅಂದರೆ ಬೆಟಾಲಿಯನ್ನಿನ ತುಕಡಿಗಳ ನಡುವಿನ, ಕಬಡ್ಡಿ ಪಂದ್ಯದಲ್ಲಿ ರೈಡ್‌ಗೆ ಹೋಗಿದ್ದಾಗ ಮೂರು ಜನ ಅವನನ್ನು ಒಟ್ಟಿಗೆ ಹಿಡಿದೆಳೆದಿದ್ದರು, ಬಲ ಮೊಣಕಾಲು ಒಳಕ್ಕೆ ತಿರುಚಿಕೊಂಡಿತ್ತು. ಆದ್ದರಿಂದ ನಾನು ಹಿಂದೆಮುಂದೆ ನೋಡದೆ, "ಗೇಮ್ಸ್ ಪರೇಡ್‌ನಾಗ ಆದ ಪೆಟ್ಟು ಡ್ಯೂಟಿಯೊಳಗ ಬರ್ತೈತಿ. ಇದು ಆಗೇ ಆಗ್ತೈತಿ, ಚಿಂತಿ ಮಾಡಬ್ಯಾಡ" ಎಂದೆ. ಆ ಮಾತಿನಲ್ಲಿ ತಪ್ಪಿರಲಿಲ್ಲ. ಸೇನಾ ಅಧಿಕಾರಿಗಳು ಏರ್ಪಡಿಸಿದ ಅಥವಾ ಅನುಮತಿಸಿದ ಆಟೋಟಗಳಲ್ಲಿ ಭಾಗವಹಿಸುವುದು ಕರ್ತವ್ಯವೇ ಎಂಬುದು 1982ರ ಅರ್ಹತಾ ನಿಯಮಗಳಲ್ಲೇ ಇದ್ದ ಮಾತು, ಮತ್ತು ಅದನ್ನು ನಾನು ಹತ್ತಾರು ಜನರಿಗೆ ಹೇಳಿದ್ದೆ. ಮಾಹಿತಿ ಹಕ್ಕಿನಡಿ ಅವನ ಆರ್‌ಎಂಬಿ (ಸೇವೆಯಿಂದ ಬಿಡುಗಡೆಯಾಗುವಾಗ ಪರೀಕ್ಷಿಸುವ ವೈದ್ಯಕೀಯ ಬೋರ್ಡ್) ಕಾಗದಗಳನ್ನೂ ಇಂಜುರಿ ರಿಪೋರ್ಟನ್ನೂ ಕೇಳಿ ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಗೆ ಅರ್ಜಿ ಕಳಿಸಿದೆ.

ಮಾರ್ಚ್‌ನಲ್ಲಿ ಲಕೋಟೆ ಬಂತು. ಅವನನ್ನು ಎದುರಿಗೆ ಕೂರಿಸಿಕೊಂಡೇ ಅದನ್ನು ಒಡೆದೆ. ಮೇಲೆ ಆ ವೈದ್ಯಕೀಯ ಬೋರ್ಡಿನ ಫಾರಂ ಆದ ಎಎಫ್‌ಎಂಎಸ್‌ಎಫ್-16ರ ಹಾಳೆಗಳಿದ್ದವು. ಬೋರ್ಡಿನ ಅಭಿಪ್ರಾಯದ ಕಾಲಂನಲ್ಲಿ, ಇಂಜುರಿ ರಿಪೋರ್ಟಿನ ಪ್ರಕಾರ ವ್ಯಕ್ತಿ ಕರ್ತವ್ಯದ ಮೇಲಿರಲಿಲ್ಲ ಎಂಬ ಒಂದು ಸಾಲನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಇದನ್ನು ಯಾವ ತಿಳಿಗೇಡಿ ಬರೆದಿರಬಹುದು ಎಂದು ಸಿಟ್ಟಿನಿಂದಲೇ ಕೊನೆಯ ಹಾಳೆ ತಿರುಗಿಸಿದೆ. ಅದು ಐಎಎಫ್‌ವೈ-2006ರ, ಅಂದರೆ ಇಂಜುರಿ ರಿಪೋರ್ಟಿನ ಫಾರಂನ, ಜೆರಾಕ್ಸ್. ಪೆಟ್ಟಾದ ತಾರೀಖನ್ನು ಪೆನ್ನಿನಿಂದ ತಿದ್ದಿ ಪಕ್ಕದಲ್ಲಿ ಯಾರೋ ಚಿಕ್ಕ ಸಹಿ ಹಾಕಿದ್ದರು. ಆ ಸಹಿ ನನ್ನದು. ಅದರ ಎರಡು ಸಾಲು ಕೆಳಗೆ, ನಾನು ಟೈಪ್ ಮಾಡಿದ ಅಕ್ಷರಗಳಲ್ಲಿ, ‘ನಾಟ್ ಆನ್ ಡ್ಯೂಟಿ’ ಎಂದಿತ್ತು.

ಎಷ್ಟು ಹೊತ್ತು ಆ ಹಾಳೆಯನ್ನು ಹಿಡಿದು ಕುಳಿತಿದ್ದೆನೋ ಹೇಳಲಾರೆ. ಎದುರಿಗಿದ್ದವನಿಗೆ ಇಂಗ್ಲಿಷ್ ಓದಲು ಬಾರದು ಎಂಬುದು ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯ ಆಸರೆಯಲ್ಲೇ ನಾನು ಆ ದಿನ ಸುಮ್ಮನಾದೆ. "ಇನ್ನೊಂದು ಕಾಗದ ಬೇಕಾಗ್ತೈತಿ, ಮುಂದಿನ ವಾರ ಬಾ" ಎಂದು ಹೇಳಿ ಅವನನ್ನು ಕಳಿಸಿದೆ. ಹತ್ತು ವರ್ಷಗಳ ಹಿಂದಿನ ತಪ್ಪಿಗೆ ಕೆಲಸದ ಒತ್ತಡವೂ ಒಂದು ಕಾರಣವಾಗಿತ್ತು. ಆ ದಿನದ ಮೌನಕ್ಕೆ ಅಂಥ ಯಾವ ಕಾರಣವೂ ಇರಲಿಲ್ಲ.

2008ರ ಆ ಸಂಜೆಯನ್ನು ಮುಂದಿನ ಎಂಟು ದಿನ ನಾನು ಮತ್ತೆ ಮತ್ತೆ ಜ್ಞಾಪಿಸಿಕೊಂಡೆ. ವಾರ್ಷಿಕ ಇನ್ಸ್‌ಪೆಕ್ಷನ್ ಹತ್ತಿರ ಬಂದಿತ್ತು, ಬಾಕಿ ಇಂಜುರಿ ರಿಪೋರ್ಟುಗಳನ್ನೆಲ್ಲ ಅಂದೇ ಮುಗಿಸಬೇಕೆಂದು ಆದೇಶವಾಗಿತ್ತು. ಅವನದಕ್ಕಿಂತ ಮೊದಲು ಟೈಪ್ ಮಾಡಿದ್ದು, ರಜೆಯಲ್ಲಿ ಊರಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದ ಇನ್ನೊಬ್ಬನ ರಿಪೋರ್ಟ್. ನಮ್ಮಲ್ಲಿ ಎಲ್ಲರೂ ಮಾಡುವಂತೆ ನಾನೂ ಅದೇ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು ನಂಬರ್, ಹೆಸರು, ಸ್ಥಳ, ಪೆಟ್ಟಿನ ವಿವರಗಳನ್ನು ಬದಲಿಸುತ್ತಾ ಬಂದೆ. ಕೇವಲ ಮರೆತು ಆ ಪದಗಳು ಉಳಿದುಬಿಟ್ಟವು ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ, ಏಕೆಂದರೆ ಆ ಕಾಲಂ ಬಂದಾಗ ನಾನು ನಿಂತಿದ್ದೆ. ಕಂಪನಿಯಿಂದ ಬಂದ ಹೇಳಿಕೆಯಲ್ಲಿ "ಸಂಜೆ 5.10ಕ್ಕೆ ಕಬಡ್ಡಿ ಆಡುತ್ತಿದ್ದಾಗ" ಎಂದಷ್ಟೇ ಇತ್ತು, ಪಂದ್ಯವೆಂದಾಗಲೀ ಗೇಮ್ಸ್ ಪರೇಡ್ ಎಂದಾಗಲೀ ಬರೆದಿರಲಿಲ್ಲ. ಸಂಜೆ ಐದು ದಾಟಿದೆ, ಆಟವಾಡುತ್ತಿದ್ದ, ಹಾಗಾದರೆ ಡ್ಯೂಟಿಯಲ್ಲ ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸಿ ಮುಂದಿನ ಕಾಲಂಗೆ ಹೋದೆ. ಆ ವಾರದ ಟ್ರೇನಿಂಗ್ ಪ್ರೋಗ್ರಾಂ ನನ್ನ ಬೆನ್ನ ಹಿಂದಿನ ಬೋರ್ಡಿನಲ್ಲೇ ಅಂಟಿಸಿತ್ತು, ಮತ್ತು ಅದರಲ್ಲಿ ನಾಲ್ಕೂವರೆಯಿಂದ ಐದೂವರೆಯವರೆಗೆ ಗೇಮ್ಸ್ ಪರೇಡ್ ಎಂದೇ ಇತ್ತು. ಫೋನ್ ಎತ್ತಿ ಕಂಪನಿ ಕ್ಲರ್ಕನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು.

ಎಂಐ ರೂಮಿನಲ್ಲಿ (ಬೆಟಾಲಿಯನ್ನಿನ ಚಿಕಿತ್ಸಾ ಕೊಠಡಿ) ಆರ್‌ಎಂಓ, ಅಂದರೆ ಬೆಟಾಲಿಯನ್ನಿನ ವೈದ್ಯರು, ಅದನ್ನು ಸಾಮಾನ್ಯ ಉಳುಕು ಎಂದು ಬರೆದು ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದ್ದರಿಂದ ಕೋರ್ಟ್ ಆಫ್ ಎನ್‌ಕ್ವೈರಿ ಎಂಬ ಸೇನೆಯ ಒಳಗಿನ ವಿಚಾರಣೆಯೂ ನಡೆಯಲಿಲ್ಲ. ನಡೆದಿದ್ದರೆ ಸಾಕ್ಷಿಗಳ ಬಾಯಿಂದಲಾದರೂ ಪಂದ್ಯದ ವಿಷಯ ದಾಖಲಾಗುತ್ತಿತ್ತು. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಿದೆ ಎಂದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಎಂಆರ್‌ಐ ಆದಾಗ. ಆಪರೇಷನ್ ಆಯಿತು, ಟೆಂಪರರಿ ಎಲ್‌ಎಂಸಿ (ಕೆಳಗಿನ ವೈದ್ಯಕೀಯ ದರ್ಜೆ) ಆಯಿತು, ಆಮೇಲೆ ಪರ್ಮನೆಂಟ್ ಆಯಿತು. ಪೂರ್ಣ ಆರೋಗ್ಯದ ದರ್ಜೆಯಾದ ಶೇಪ್-1 ಇಲ್ಲದ ಕಾರಣ ಅವನಿಗೆ ಎರಡು ವರ್ಷದ ಎಕ್ಸ್‌ಟೆನ್ಷನ್ ಸಿಗಲಿಲ್ಲ. ಹೀಗೆ ಕಾಲು, ನೌಕರಿ, ಪಿಂಚಣಿ ಮೂರಕ್ಕೂ ಹೊಡೆತ ಬಿತ್ತು, ಮೂರನೆಯದಕ್ಕೆ ನಾನೇ ಕಾರಣನಾಗಿದ್ದೆ.

ಎಂಟನೆಯ ದಿನ ಅವನು ಬಂದಾಗ ಹಾಳೆಯನ್ನು ಅವನ ಮುಂದಿಟ್ಟು, ಆ ಪದಗಳ ಮೇಲೆ ಬೆರಳಿಟ್ಟು, ಅವುಗಳ ಅರ್ಥವೇನು ಮತ್ತು ಅವುಗಳನ್ನು ಟೈಪ್ ಮಾಡಿದವರು ಯಾರು ಎಂಬುದನ್ನು ಹೇಳಿದೆ. ಅವನು ಕೂಗಾಡಲಿಲ್ಲ. ತುಸು ಹೊತ್ತು ಕಾಗದವನ್ನೇ ನೋಡುತ್ತಿದ್ದು, "ಅವತ್ತ ನೀವು ಒಮ್ಮೆ ನನ್ನ ಕೇಳಿದ್ರ ಹೇಳ್ತಿದ್ನೆಲ್ರಿ ಸಾಹೇಬ್ರ, ಮ್ಯಾಚ್ ಇತ್ತಂತ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪಿಂಚಣಿಯ ಮಾತು ಬಂದಾಗಲೆಲ್ಲ ನಮ್ಮವರು ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ಹೇಳುತ್ತಾರೆ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯೂ ಇರದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಸರಕಾರದ್ದು, ಅನುಮಾನದ ಲಾಭ ಸೈನಿಕನಿಗೆ ಎಂದು ಸಾರಿದ ದೊಡ್ಡ ತೀರ್ಪು ಅದು. ಆದರೆ ಅದು ಮೂರ್ಛೆರೋಗದ ಪ್ರಕರಣ. ಪೆಟ್ಟಿನ ಪ್ರಕರಣದಲ್ಲಿ ಎಲ್ಲರೂ ಮೊದಲು ತಿರುಗಿಸಿ ನೋಡುವುದು ಇಂಜುರಿ ರಿಪೋರ್ಟನ್ನೇ, ಮತ್ತು ರಜೆಯಲ್ಲಿ ಮನೆಯಲ್ಲಾದ ಪೆಟ್ಟಿಗೆ ಸೇವೆಯೊಡನೆ ಸಂಬಂಧವನ್ನು ತೋರಿಸಲೇಬೇಕೆಂದು 2015ರಲ್ಲಿ ವಿಜಯ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಇವನ ಕಾಗದ ಇವನನ್ನು ಆ ಗುಂಪಿಗೇ ತಳ್ಳಿಬಿಟ್ಟಿತ್ತು. ಕಾಗದದಲ್ಲಿರುವುದು ಸುಳ್ಳೆಂದು ತೋರಿಸಲು ಬೇರೆ ಸಾಕ್ಷಿ ಬೇಕಿತ್ತು.

ಹತ್ತು ವರ್ಷ ಹಳೆಯ ಟ್ರೇನಿಂಗ್ ಪ್ರೋಗ್ರಾಂಗಳನ್ನು ನಾಶಪಡಿಸಲಾಗಿದೆ ಎಂಬ ಉತ್ತರ ಬಂತು. ಸೈನಿಕನ ಕಾಲು ಜೀವನಪರ್ಯಂತ ಕುಂಟುತ್ತದೆ, ಅದರ ಕಾರಣವನ್ನು ಹೇಳುವ ಕಾಗದಕ್ಕೆ ಮಾತ್ರ ಕೆಲವೇ ವರ್ಷಗಳ ಆಯಸ್ಸು. ಈ ವ್ಯವಸ್ಥೆಯನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಕೊನೆಗೆ ನೆರವಿಗೆ ಬಂದದ್ದು ಅವನ ಮನೆಯ ಗೋಡೆಯ ಮೇಲಿದ್ದ ಒಂದು ಫೋಟೊ. ಗೆದ್ದ ಕಂಪನಿಯ ತಂಡದ ನಡುವೆ ಅವನು ಒಂದೇ ಕಾಲೂರಿ, ಪಕ್ಕದವನ ಭುಜ ಹಿಡಿದು ನಿಂತಿದ್ದ, ಹಿಂದೆ ಬೆಟಾಲಿಯನ್ನಿನ ಹೆಸರು, ಇಂಟರ್ ಕಂಪನಿ ಕಬಡ್ಡಿ, 2008 ಎಂದು ಬರೆದ ಬ್ಯಾನರ್ ಇತ್ತು. ಅಂದು ರೆಫರಿಯಾಗಿದ್ದ ನಿವೃತ್ತ ಸುಬೇದಾರರನ್ನು ಹುಡುಕಿ ಅವರಿಂದ ಅಫಿಡವಿಟ್ ಬರೆಸಿದೆ. ರಿಪೋರ್ಟನ್ನು ಟೈಪ್ ಮಾಡಿದವನು ನಾನೇ, ವಿಚಾರಿಸದೆ ಹಾಗೆ ಬರೆದೆ ಎಂದು ನನ್ನದೂ ಒಂದನ್ನು ಬರೆದುಕೊಟ್ಟೆ. 2008ರ ಆ ರಿಪೋರ್ಟುಗಳ ಕಂತೆಗೆ ಸಹಿ ಹಾಕಿದವರು ನನ್ನ ಮೇಲಿನವರಾಗಿದ್ದರು, ಅದರಲ್ಲಿ ಏನಿದೆಯೆಂದು ಅವರೂ ಓದಿರಲಿಲ್ಲ. ಆದರೆ ಆ ಮಾತನ್ನು ನಾನು ನನ್ನ ಅಫಿಡವಿಟ್ಟಿನಲ್ಲಿ ಸೇರಿಸಲಿಲ್ಲ. ಓದಿ ಇಡಬೇಕಾದ ಕೆಲಸ ನನ್ನದಾಗಿತ್ತು.

ಮೇ ತಿಂಗಳಲ್ಲಿ ಮೊದಲ ಮೇಲ್ಮನವಿ ಕಳಿಸಿದೆವು. ಆರು ತಿಂಗಳು ಕಳೆದರೂ ಉತ್ತರ ಬರದಿದ್ದಾಗ ಡಿಸೆಂಬರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆವು. 2007ರ ಕಾಯ್ದೆಯ ಪ್ರಕಾರ ಅಷ್ಟು ಕಾಲ ಉತ್ತರ ಬರದಿದ್ದರೆ ಇಲಾಖೆಯೊಳಗಿನ ದಾರಿ ಮುಗಿಯಿತೆಂದೇ ಲೆಕ್ಕ. ತೀರ್ಪು ಅವನ ಪರವಾಗಿ ಬಂತು. 2014ರ ರಾಮ್ ಅವತಾರ್ ತೀರ್ಪಿನಂತೆ, ಸೇವಾವಧಿ ಮುಗಿಸಿ ಬಂದವರಿಗೂ ರೌಂಡಿಂಗ್ ಆಫ್ (ಶೇಕಡಾವಾರನ್ನು ಮೇಲಿನ ಹಂತಕ್ಕೆ ಏರಿಸಿ ಎಣಿಸುವುದು) ಸಿಗುತ್ತಿದ್ದುದರಿಂದ ಅವನ ಶೇ. 20ನ್ನು ಶೇ. 50 ಎಂದು ಎಣಿಸಿದರು. ನೂರಕ್ಕೆ ನೂರು ಡಿಸೆಬಿಲಿಟಿಗೆ ಕೊನೆಯ ಸಂಬಳದ ಶೇ. 30 ಎಂಬುದು ಲೆಕ್ಕ. ಅವನ ಸಂಬಳವನ್ನು 14,000 ರೂಪಾಯಿ ಎಂದು ಹಿಡಿದರೆ ಶೇ. 20ಕ್ಕೆ ತಿಂಗಳಿಗೆ 840 ರೂಪಾಯಿ, ಶೇ. 50ಕ್ಕೆ 2,100 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ ಬೇರೆ, 2016ರಿಂದ ಪರಿಷ್ಕರಣೆಯೂ ಬೇರೆ.

ಆದರೆ ಬಾಕಿ ಹಣ ಸಿಕ್ಕಿದ್ದು ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ. ತಡವಾಗಿ ಬಂದವರಿಗೆ ಅಷ್ಟೇ ಎಂದು 2008ರ ತರ್ಸೆಮ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಾರಿಜೆಂಡಮ್ ಪಿಪಿಓ (ತಿದ್ದಿದ ಪಿಂಚಣಿ ಆದೇಶ) ಬಂದ ದಿನ ಅವನು ಪೇಡೆಯ ಪೊಟ್ಟಣ ಹಿಡಿದು ಬಂದು, "ಹೋಗಿದ್ದು ಬಂತಲ್ರಿ" ಎಂದ. 2013ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗಿನ ಮೂವತ್ತೆರಡು ತಿಂಗಳು ಅದರಲ್ಲಿ ಸೇರಿಲ್ಲ ಎಂದು ನಾನೇ ಅವನಿಗೆ ಹೇಳಬೇಕಾಯಿತು. ತಿಂಗಳಿಗೆ 2,100ರಂತೆ, ತುಟ್ಟಿಭತ್ಯೆ ಬಿಟ್ಟು, 67,200 ರೂಪಾಯಿ. ಅದನ್ನು ಕೇಳಲು ಈಗ ಯಾವ ಫಾರಂ ಕೂಡ ಇಲ್ಲ.