ಒಂದು ಹೆಚ್ಚಿನ ಭಾಕರಿ

ಶನಿವಾರ ರಾತ್ರಿಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನೀ ಮರಾಠಿ ಮಾತಾಡ್ತಿದ್ದಿ, ಅದಕ್ಕ ನಾನೂ ಮರಾಠಿನ ಮಾತಾಡಿದ್ನಿ."

ಧಾರವಾಡದಲ್ಲಿ ನನ್ನ ಜೊತೆ ಡಿಗ್ರಿ ಓದಿದ ಗೆಳೆಯ ಎರಡು ದಿನಕ್ಕೆಂದು ಪುಣೆಗೆ ಬಂದಿದ್ದ. ಕುಂದಗೋಳದವನು. ನಾನು ಎಂ.ಎಸ್ಸಿ. ಓದಲು ಇಲ್ಲಿಗೆ ಬಂದು ಎರಡು ವರ್ಷವಾಗುತ್ತಾ ಬಂತು. ಊರಿನಿಂದ ನನ್ನನ್ನು ನೋಡಲೆಂದೇ ಬಂದವನು ಅವನೊಬ್ಬನೇ. ಇದು ನನ್ನ ಊರು ಅಂತ ತೋರಿಸುವ ಆಸೆ ಜಾಸ್ತಿಯೇ ಇತ್ತು. ಆಟೋದವರ ಜೊತೆ ಮರಾಠಿಯಲ್ಲಿ ಮಾತಾಡಿ ತೋರಿಸುವ ಆಸೆಯೂ ಇತ್ತು.

ಬೆಳಿಗ್ಗೆ ಪೇಶ್ವೆಗಳ ಕೋಟೆ-ಅರಮನೆ ಶನಿವಾರವಾಡಾ. ಆನೆಗಳು ಹಣೆ ಒತ್ತಿ ಕದ ಮುರಿಯಬಾರದೆಂದು ದಿಲ್ಲಿ ದರವಾಜಾಕ್ಕೆ ಹೊಡೆದ ಚೂಪು ಮೊಳೆಗಳನ್ನು ತೋರಿಸಿದೆ. 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟುಹೋದ ಕಥೆ ಹೇಳಿದೆ. ಅವನು ಸುಮ್ನೆ ಕೇಳಿದ. ಅವನಿಗೆ ಹಿಡಿಸಿದ್ದು ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ. ನೆಲದ ಬಂಡೆಯನ್ನೇ ಕೊರೆದು ಮಾಡಿದ ಗುಡಿ, ಎಂಟನೇ ಶತಮಾನದ್ದು. "ನಮ್ಮ ರಾಷ್ಟ್ರಕೂಟರ ಕಾಲದ್ದಾ?" ಅಂತ ದುಂಡು ನಂದಿ ಮಂಟಪದ ಕಂಬದ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತ. ಆಮೇಲೆ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮಾತು ತೆಗೆದ. ಅವನ ಊರಿನವರಲ್ವಾ! ಗುರುಗಳ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಸಂಗೀತೋತ್ಸವ ಇಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. "ಎರಡು ಸಲ ಹೋಗಿರ್ತೀ ಹಂಗಾರ" ಅಂದ. ನಾನು ಒಂದು ಸಲವೂ ಹೋಗಿಲ್ಲ.

ರಾತ್ರಿ ನಮ್ಮ ಗಲ್ಲಿಯ ಪೋಳಿ-ಭಾಜಿ ಕೇಂದ್ರಕ್ಕೆ, ಅಂದರೆ ಚಪಾತಿ-ಪಲ್ಯದ ಅಂಗಡಿಗೆ, ಕರೆದುಕೊಂಡು ಹೋದೆ. ನನ್ನ ರಾತ್ರಿಯೂಟ ಅಲ್ಲಿಯದೇ. "ಮಾವಶಿ, ಚಾರ್ ಭಾಕರಿ ದ್ಯಾ" ಅಂದೆ. ಚಿಕ್ಕಮ್ಮಾ, ನಾಲ್ಕು ರೊಟ್ಟಿ ಕೊಡಿ ಅಂತ. ಗೆಳೆಯ ಆಕೆಯ ಕೈಯನ್ನೇ ನೋಡುತ್ತಿದ್ದ. ಜೋಳದ ಹಿಟ್ಟಿನ ಉಂಡೆ ಅಂಗೈ ಕೆಳಗೆ ತಿರುಗುತ್ತಾ ತಿರುಗುತ್ತಾ ಅಗಲವಾಗುತ್ತಿತ್ತು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು.

"ಯವ್ವಾ, ಎಷ್ಟ್ ತೆಳ್ಳಗ ಬಡೀತಿಬೇ ರೊಟ್ಟಿ!"

ಆಕೆಯ ಕೈ ನಿಂತಿತು. "ಯಾವೂರಪಾ ನಿಂದು?"

ಆಕೆಯದು ಇಂಡಿ ತಾಲೂಕು. ಇಬ್ಬರೂ ಮಳೆ, ಜೋಳ ಅಂತ ಮಾತಿಗಿಳಿದರು. ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ನಾನೂ ಕನ್ನಡದವನೇ, ನಿಮಗೆ ಗೊತ್ತಿರಲಿಲ್ವಾ ಅಂತ ಕೇಳಿದೆ.

"ಗೊತ್ತಿತ್ತಪಾ. ಇಲ್ಲೇ ನಿಂತು ನಿಮ್ಮವ್ವನ ಕೂಡ ಫೋನಿನ್ಯಾಗ ಮಾತಾಡ್ತಿದ್ದೆಲ್ಲ. ನನ್ನ ಕೂಡ ನೀ ಮರಾಠಿ ಮಾತಾಡ್ತಿದ್ದಿ, ಅದಕ್ಕ ನಾನೂ ಮರಾಠಿನ ಮಾತಾಡಿದ್ನಿ."

ಅದರಲ್ಲಿ ದೂರು ಇರಲಿಲ್ಲ. ಹಾಗೆ ಹೇಳಿ ಮತ್ತೆ ಹಿಟ್ಟು ನಾದತೊಡಗಿದಳು.

ಮರಾಠಿ ಕಲಿತದ್ದು ತಪ್ಪಲ್ಲ. ಈ ಊರು ನನಗೆ ಅನ್ನ, ಓದು ಎರಡೂ ಕೊಟ್ಟಿದೆ, ಅದರ ಮಾತು ಕಲಿಯಲೇಬೇಕು. ಆಕೆಯೂ ಕಲಿತೇ ಬದುಕುತ್ತಿದ್ದಾಳೆ. ನನ್ನನ್ನು ಕಾಡುತ್ತಿರುವುದು ಬೇರೆ. ಆ ಕಟ್ಟೆಯ ಮುಂದೆ ನಿಂತು ಫೋನಿನಲ್ಲಿ ನಾನು ಏನೇನು ಹೇಳಿದ್ದೇನೆ! ಯಾರಿಗೂ ತಿಳಿಯಲ್ಲ ಅಂತ ಜೋರಾಗಿಯೇ ಹೇಳಿದ್ದೇನೆ. ಇಲ್ಲಿಯ ರೊಟ್ಟಿ ನಿನ್ನ ರೊಟ್ಟಿಯ ಹಾಗೆ ಇರಲ್ಲ ಅಂತ ಅವ್ವನಿಗೆ ಹೇಳಿದ್ದೇನೆ. ತಿಂಗಳ ಕೊನೆಗೆ ರೊಕ್ಕ ಖಾಲಿಯಾಗಿದೆ, ಇವತ್ತು ಎರಡೇ ಭಾಕರಿ ಸಾಕು ಅಂದಿದ್ದೇನೆ.

ಆ ದಿನಗಳಲ್ಲಿ ಆಕೆ ಪೊಟ್ಟಣಕ್ಕೆ ಇನ್ನೊಂದು ಭಾಕರಿ ಸೇರಿಸುತ್ತಿದ್ದಳು. "ಉರಲಿ ಆಹೇ, ಘೇ" ಅನ್ನುತ್ತಿದ್ದಳು. ಉಳಿದಿದೆ, ತಗೋ ಅಂತ. ನಾನು ನಂಬಿದ್ದೆ. ಎಂಟು ಗಂಟೆಗೆ, ಹಿಂದೆ ಇನ್ನೂ ಆರು ಜನ ಕಾಯುತ್ತಿರುವಾಗ, ಯಾರ ಹಂಚಿನಲ್ಲಿ ರೊಟ್ಟಿ ಉಳಿಯುತ್ತದೆ?

ಭಾನುವಾರ ಗೆಳೆಯನನ್ನು ಸ್ವಾರಗೇಟ್‌ನಲ್ಲಿ ಬಸ್ಸು ಹತ್ತಿಸಿದೆ. ಸೋಮವಾರ ರಾತ್ರಿ ಒಬ್ಬನೇ ಹೋದೆ. ಮಾವಶಿ ಅಂತಲೇ ಬಾಯಿಗೆ ಬಂತು. ತಡೆದುಕೊಂಡು, "ಯವ್ವಾ, ಎರಡು ರೊಟ್ಟಿ" ಅಂದೆ. ಆಕೆ ತಲೆ ಎತ್ತಲಿಲ್ಲ, ನಕ್ಕಿದ್ದು ಮಾತ್ರ ಕಂಡಿತು. ಮೂರು ರೊಟ್ಟಿ ಕಟ್ಟಿದಳು.

"ಒಂದು ಉಳದೈತಿ, ತಗೋ."

ಪೊಟ್ಟಣದಲ್ಲಿ ಮೂರೂ ಕೈ ಸುಡುವಷ್ಟು ಬಿಸಿ ಇದ್ದವು.